ಕೆಂಪು ಪಟ್ಟಿಯಲ್ಲಿ ನನ್ನ ಗೆಳೆಯ

ನಾಲ್ಕನೇ ಸೆಮಿಸ್ಟರ್‌ನಲ್ಲಿ ಡೇಟಾಬೇಸ್ ವಿಷಯಕ್ಕೆ ಒಂದು ಪುಟ್ಟ ಪ್ರಾಜೆಕ್ಟ್ ಮಾಡಬೇಕಿತ್ತು. ಎಂಜಿನಿಯರಿಂಗ್ ಓದುವವರಿಗೆಲ್ಲ ಗೊತ್ತಿರುವಂತೆ ಈ ಪ್ರಾಜೆಕ್ಟ್‌ಗಳಿಗೆ ವಂಶಪಾರಂಪರ್ಯವಾಗಿ ಬಂದ ನಾಲ್ಕೈದು ಹೆಸರುಗಳಿವೆ. ಲೈಬ್ರರಿ ಮ್ಯಾನೇಜ್‌ಮೆಂಟ್, ಹಾಸ್ಪಿಟಲ್ ಮ್ಯಾನೇಜ್‌ಮೆಂಟ್, ಬ್ಲಡ್ ಬ್ಯಾಂಕ್ ಮ್ಯಾನೇಜ್‌ಮೆಂಟ್. ಸೀನಿಯರ್‌ಗಳ ಪೆನ್‌ಡ್ರೈವ್‌ನಿಂದ ಇಳಿಸಿಕೊಂಡು, ಮುಖಪುಟದ ಹೆಸರು ಬದಲಿಸಿ, ಸ್ಪೈರಲ್ ಬೈಂಡಿಂಗ್ ಮಾಡಿಸಿದರೆ ಕೆಲಸ ಮುಗಿಯಿತು. ನಾವು ಮೂವರು ಮಾತ್ರ ಬೇರೆ ಏನಾದರೂ ಮಾಡೋಣ ಎಂದು ಹಟ ಹಿಡಿದೆವು.

ಆಗಷ್ಟೇ ‘ಬಿಸಿನೆಸ್ ಇಂಟೆಲಿಜೆನ್ಸ್’ ಎಂಬ ಮಾತು ಕಿವಿಗೆ ಬಿದ್ದಿತ್ತು. ಕೆಲಸಕ್ಕೆ ಸೇರಿದ್ದ ಸೀನಿಯರ್ ಒಬ್ಬರು ಕಾಲೇಜಿಗೆ ಬಂದಾಗ, ‘ಎಸ್‌ಕ್ಯೂಎಲ್, ಪವರ್ ಬಿಐ ಎರಡನ್ನೂ ಈಗಲೇ ಕಲಿತಿಟ್ಕೊಳ್ರೋ’ ಎಂದಿದ್ದರು. ಹಾಗಾದರೆ ನಮ್ಮ ವಿಭಾಗದ ಡೇಟಾದ ಮೇಲೆಯೇ ಒಂದು ಡ್ಯಾಶ್‌ಬೋರ್ಡ್ ಮಾಡಿದರೆ ಹೇಗೆ? ಪಾಠ ಮಾಡುತ್ತಿದ್ದ ಮೇಡಂ ಒಪ್ಪಿದರು. ಹಿಂದಿನ ಸೆಮಿಸ್ಟರ್‌ನ ಹಾಜರಿ ಮತ್ತು ಇಂಟರ್ನಲ್ಸ್ ಅಂಕಗಳ ಎಕ್ಸೆಲ್ ಹಾಳೆಗಳನ್ನು ಕೊಟ್ಟರು. ‘ಹೆಸರಿನ ಕಾಲಂ ತೆಗೆದಿದ್ದೀನಿ, ಯುಎಸ್‌ಎನ್ ಮಾತ್ರ ಇದೆ. ಯಾರಿಗೂ ಬೇಜಾರಾಗಬಾರದು’ ಎಂದು ಎಚ್ಚರಿಸಿಯೇ ಕೊಟ್ಟಿದ್ದರು.

ಮೂರು ವಾರ ರಾತ್ರಿ ಹಾಸ್ಟೆಲ್‌ನಲ್ಲಿ ಕೂತು ಕೆಲಸ ಮಾಡಿದೆವು. ಪರದೆಯ ಮೇಲ್ಭಾಗದಲ್ಲಿ ತರಗತಿಯ ಸರಾಸರಿ ಹಾಜರಿ, ಎಡಗಡೆ ವಿಷಯವಾರು ಕಂಬಚಿತ್ರ, ಬಲಗಡೆ ‘ಅಪಾಯದಲ್ಲಿರುವ ವಿದ್ಯಾರ್ಥಿಗಳು’ ಎಂಬ ಪಟ್ಟಿ. ವಿಟಿಯು ನಿಯಮದ ಪ್ರಕಾರ ಶೇ 85ರಷ್ಟು ಹಾಜರಿ ಬೇಕಲ್ಲ, ಅದಕ್ಕಿಂತ ಕೆಳಗಿದ್ದವರು ಹಳದಿ. ಶೇ 75ಕ್ಕಿಂತ ಕೆಳಗಿದ್ದವರು ಕೆಂಪು. ಡೆಮೊ ದಿನ ಪ್ರೊಜೆಕ್ಟರ್ ಹಾಕಿ ತೋರಿಸಿದಾಗ ಇಡೀ ತರಗತಿ ಚಪ್ಪಾಳೆ ತಟ್ಟಿತು. ಪಟ್ಟಿಯಲ್ಲಿ ಕೆಂಪಾಗಿದ್ದದ್ದು ನಾಲ್ಕೇ ಸಾಲು.

ಚಪ್ಪಾಳೆ ನಿಂತ ಮೇಲೆ ಹಿಂದಿನ ಬೆಂಚಿನಿಂದ ಯಾರೋ ನಕ್ಕು, ‘ಎಲ್ಲಾ ಡಿಪ್ಲೊಮಾ ಪಾರ್ಟಿ’ ಎಂದರು.

ಆಗ ನನಗೆ ಹೊಳೆಯಿತು. ಹೆಸರು ತೆಗೆದಿದ್ದೆವು ನಿಜ. ಆದರೆ ಯುಎಸ್‌ಎನ್ ಎಂಬುದು ನಮ್ಮ ಲೋಕದಲ್ಲಿ ಹೆಸರಿಗಿಂತ ಹೆಚ್ಚು ಹೇಳುತ್ತದೆ. ಮೊದಲ ಅಂಕಿ ಪ್ರಾದೇಶಿಕ ಕೇಂದ್ರ, ನಂತರದ ಎರಡು ಅಕ್ಷರ ಕಾಲೇಜು, ಆಮೇಲೆ ಸೇರಿದ ವರ್ಷ, ಬ್ರಾಂಚ್, ಕೊನೆಯ ಮೂರು ಅಂಕಿ ಕ್ರಮಸಂಖ್ಯೆ. ಡಿಪ್ಲೊಮಾ ಮುಗಿಸಿ ನೇರವಾಗಿ ಎರಡನೇ ವರ್ಷಕ್ಕೆ ಬರುವ ಲ್ಯಾಟರಲ್ ಎಂಟ್ರಿಯವರ ಕ್ರಮಸಂಖ್ಯೆ 400ರಿಂದ ಶುರು. ನಮ್ಮ ತರಗತಿಯಲ್ಲಿ ಹಾಗೆ ಬಂದವರು ಐವರು. ಅವರಲ್ಲಿ ನಾಲ್ವರು ಪರದೆಯ ಮೇಲೆ ಕೆಂಪಾಗಿ ಹೊಳೆಯುತ್ತಿದ್ದರು. ಆ ನಾಲ್ವರಲ್ಲಿ ಒಬ್ಬ ನನ್ನ ಪಕ್ಕದ ಬೆಂಚಿನವನು, ದಿನಾ ನನ್ನ ಜೊತೆ ಊಟ ಮಾಡುವವನು.

ಅವತ್ತು ಅವನು ಕ್ಯಾಂಟೀನಿಗೆ ಬರಲಿಲ್ಲ. ಮರುದಿನ ಕೊನೆಯ ಬೆಂಚಿಗೆ ಹೋಗಿ ಕೂತ.

ತಪ್ಪಿದ್ದು ಎಲ್ಲಿ?

ಮೂರು ದಿನ ಬಿಟ್ಟು ಬಸ್ ನಿಲ್ದಾಣದಲ್ಲಿ ಸಿಕ್ಕ. ‘ಬೇಜಾರು ಮಾಡ್ಕೋಬೇಡ ಕಣೋ, ಹೆಸರು ಹಾಕಿರಲಿಲ್ಲ’ ಎಂದೆ. ಅವನಿಗೆ ಅದು ವಿಷಯವೇ ಆಗಿರಲಿಲ್ಲ. ‘ಕೆಂಪು ತೋರ್ಸಿದ್ದಕ್ಕಲ್ಲ. ಅದು ಸುಳ್ಳು ಅಂತ ಒಂದ್ಸಲ ನನ್ನನ್ನೇ ಕೇಳ್ಬೋದಿತ್ತಲ್ಲ?’ ಎಂದ.

ಡಿಸಿಇಟಿ ಕೌನ್ಸೆಲಿಂಗ್ ಮುಗಿದು ಅವನಿಗೆ ಸೀಟು ಸಿಕ್ಕಿ, ಕಾಲೇಜಿಗೆ ಬರುವಷ್ಟರಲ್ಲಿ ನಮಗೆ ಮೂರನೇ ಸೆಮಿಸ್ಟರ್‌ನ ತರಗತಿಗಳು ಶುರುವಾಗಿ ತಿಂಗಳಾಗುತ್ತಾ ಬಂದಿತ್ತು. ಒಂದು ವಿಷಯದ್ದೇ ಲೆಕ್ಕ ನೋಡೋಣ. ಸೆಮಿಸ್ಟರ್‌ನಲ್ಲಿ ನಡೆದದ್ದು 50 ತರಗತಿ. ಅವನು ಸೇರುವ ಮೊದಲೇ 14 ಮುಗಿದಿದ್ದವು. ಉಳಿದ 36ರಲ್ಲಿ ಅವನು ಹಾಜರಿದ್ದದ್ದು 33. ಅಂದರೆ ಶೇ 91ಕ್ಕೂ ಹೆಚ್ಚು. ನನ್ನ ಹಾಜರಿಗಿಂತ ಜಾಸ್ತಿ! ಆದರೆ ಸಾಫ್ಟ್‌ವೇರ್ 33ನ್ನು 50ರಿಂದ ಭಾಗಿಸಿತ್ತು. ಶೇ 66 ಎಂದು ಬರೆದುಕೊಂಡಿತ್ತು.

ಅಂಶ ಸರಿಯಾಗಿತ್ತು, ಛೇದ ತಪ್ಪಿತ್ತು. ಐದನೆಯವನು ಕೆಂಪಾಗದೇ ಉಳಿದದ್ದು ಅವನಿಗೆ ಮೊದಲ ಸುತ್ತಿನಲ್ಲೇ ಸೀಟು ಸಿಕ್ಕಿ ಬೇಗ ಬಂದಿದ್ದರಿಂದ ಮಾತ್ರ.

‘ಪರೀಕ್ಷೆ ಹೇಗೆ ಬರೆದ್ರಿ ಮತ್ತೆ?’ ಎಂದು ಕೇಳಿದೆ. ಸೆಮಿಸ್ಟರ್ ಕೊನೆಗೆ ಹಾಜರಿ ಕೊರತೆಯ ಪಟ್ಟಿಯಲ್ಲಿ ಅವರ ಹೆಸರು ಬಂದಾಗ ನಾಲ್ವರೂ ಅರ್ಜಿ ಬರೆದುಕೊಂಡು ಕಚೇರಿ, ವಿಭಾಗದ ಮುಖ್ಯಸ್ಥರು, ಪ್ರಾಂಶುಪಾಲರು, ಮತ್ತೆ ಕಚೇರಿ ಎಂದು ಮೂರು ದಿನ ಅಲೆದಿದ್ದರು. ಕೊನೆಗೆ ಪ್ರವೇಶದ ದಿನಾಂಕ ನೋಡಿ ಕಾಗದದ ಮೇಲೆ ಸರಿಪಡಿಸಿ ಪ್ರವೇಶಪತ್ರ ಕೊಟ್ಟರು. ಕಾಗದ ಫೈಲಿಗೆ ಹೋಯಿತು. ಸಾಫ್ಟ್‌ವೇರ್‌ನಲ್ಲಿ ಶೇ 66 ಹಾಗೇ ಉಳಿಯಿತು. ಅದನ್ನೇ ನಾವು ತೆಗೆದುಕೊಂಡು ಬಣ್ಣ ಬಳಿದಿದ್ದೆವು.

‘ಆ ಮೂರು ದಿನ ಗಣಿತಕ್ಕೆ ಇಟ್ಕೊಂಡಿದ್ದೆ’ ಎಂದ. ಗಣಿತ ಅವನಿಗೆ ಬ್ಯಾಕ್‌ಲಾಗ್ ಆಗಿತ್ತು. ಅದು ಈ ಅಲೆದಾಟದಿಂದಲೇ ಆಯಿತು ಎಂದು ಅವನೂ ಹೇಳಲಿಲ್ಲ, ನಾನೂ ಹೇಳಲಾರೆ. ಆದರೆ ಆ ಮೂರು ದಿನ ನಾನು ಹಾಸ್ಟೆಲ್‌ನಲ್ಲಿ ಕೂತು ಓದುತ್ತಿದ್ದೆ ಎಂಬುದು ನೆನಪಿದೆ.

ಅಂಗಡಿಯವರಿಗೆ ಗೊತ್ತಿರುವ ವಿದ್ಯೆ

ಬಿಸಿನೆಸ್ ಇಂಟೆಲಿಜೆನ್ಸ್ ಎಂದರೆ ಬಣ್ಣಬಣ್ಣದ ಚಾರ್ಟು ಎಂದು ನಾನು ಅಂದುಕೊಂಡಿದ್ದೆ. ಈ ಹೆಸರಿಗೆ ನನ್ನ ತಾತನ ಕಾಲದಷ್ಟು ವಯಸ್ಸಾಗಿದೆ. ಐಬಿಎಂನಲ್ಲಿ ಸಂಶೋಧಕರಾಗಿದ್ದ ಹಾನ್ಸ್ ಪೀಟರ್ ಲೂನ್ ಅವರು 1958ರಲ್ಲೇ ಈ ಹೆಸರಿನ ಲೇಖನ ಬರೆದಿದ್ದರು. ಒಂದು ಸಂಸ್ಥೆಯೊಳಗೆ ಹರಿದುಬರುವ ಮಾಹಿತಿಯಲ್ಲಿ ಯಾವುದು ಯಾರಿಗೆ ಬೇಕೋ ಅದನ್ನು ಅವರಿಗೆ ತಲುಪಿಸುವ ವ್ಯವಸ್ಥೆ ಹೇಗಿರಬೇಕು ಎಂಬುದು ಅವರ ಚಿಂತನೆ. ‘ಯಾರಿಗೆ ಬೇಕೋ ಅವರಿಗೆ’ ಎಂಬ ಭಾಗವನ್ನೇ ನಾವು ಮರೆತಿದ್ದೆವು.

ನಮ್ಮೂರಿನ ದಿನಸಿ ಅಂಗಡಿಯವರು ಕಂಪ್ಯೂಟರ್ ಮುಟ್ಟಿದವರಲ್ಲ. ಯುಗಾದಿಗೆ ಎಷ್ಟು ಬೆಲ್ಲ ಬೇಕು, ಸಾಲದ ಪುಸ್ತಕದಲ್ಲಿ ಯಾರ ಬಾಕಿ ಯಾವ ಬೆಳೆಯ ಮೇಲೆ ತೀರುತ್ತದೆ, ಶಾಲೆ ಶುರುವಾಗುವ ವಾರ ಯಾವ ನೋಟ್‌ಬುಕ್ ಮೊದಲು ಖಾಲಿಯಾಗುತ್ತದೆ ಎಂಬುದೆಲ್ಲ ಅವರಿಗೆ ಗೊತ್ತು. ಮಾರಾಟ, ಸಾಲ, ಹಬ್ಬದ ದಿನ ಎಲ್ಲವೂ ಒಂದೇ ತಲೆಯಲ್ಲಿ ಸೇರಿಕೊಂಡಿರುವುದರಿಂದ ಅದು ಸಾಧ್ಯ. ಸಂಸ್ಥೆ ದೊಡ್ಡದಾದಾಗ ಮಾಹಿತಿ ಹತ್ತು ತಲೆಗಳಿಗೆ, ಹತ್ತು ಕೋಣೆಗಳಿಗೆ ಹಂಚಿಹೋಗುತ್ತದೆ. ಅದನ್ನು ಮತ್ತೆ ಒಂದು ಕಡೆ ಸೇರಿಸಿ, ತಾಳೆ ನೋಡಿ, ತೀರ್ಮಾನಕ್ಕೆ ಒದಗುವಂತೆ ಮಾಡುವುದೇ ಈ ವಿದ್ಯೆ.

ಒಂದು ಕಾಲೇಜಿನಲ್ಲಿ ವಿದ್ಯಾರ್ಥಿಯ ಮಾಹಿತಿ ಎಲ್ಲೆಲ್ಲಿ ಇರುತ್ತದೆ ಎಂದು ಆಮೇಲೆ ಎಣಿಸಿದೆವು. ಹಾಜರಿ ಸಾಫ್ಟ್‌ವೇರ್‌ನಲ್ಲಿ. ಇಂಟರ್ನಲ್ಸ್ ಅಂಕ ಆಯಾ ಅಧ್ಯಾಪಕರ ಎಕ್ಸೆಲ್‌ನಲ್ಲಿ. ಫಲಿತಾಂಶ ವಿಶ್ವವಿದ್ಯಾಲಯದ ಜಾಲತಾಣದಲ್ಲಿ. ಶುಲ್ಕ ಲೆಕ್ಕಪತ್ರ ವಿಭಾಗದಲ್ಲಿ. ವಿದ್ಯಾರ್ಥಿವೇತನ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ. ಬಸ್ ಪಾಸ್, ಹಾಸ್ಟೆಲ್ ವಿವರ ಉದ್ದನೆಯ ರಿಜಿಸ್ಟರ್‌ನಲ್ಲಿ. ಪ್ರವೇಶದ ದಿನಾಂಕ ಪ್ರವೇಶ ವಿಭಾಗದ ದಾಖಲೆಯಲ್ಲಿ. ಒಂದೊಂದು ಕಡೆಯೂ ಮಾಹಿತಿ ಸರಿಯಾಗಿಯೇ ಇದೆ. ಒಂದನ್ನೊಂದು ಭೇಟಿಯಾಗುವುದಿಲ್ಲ, ಅಷ್ಟೇ.

ನನ್ನ ಗೆಳೆಯನ ವಿಷಯದಲ್ಲಿ ಬೇಕಾಗಿದ್ದದ್ದು ಹಾಜರಿಯ ಕೋಷ್ಟಕಕ್ಕೆ ಪ್ರವೇಶದ ಕೋಷ್ಟಕವನ್ನು ಯುಎಸ್‌ಎನ್ ಮೂಲಕ ಜೋಡಿಸುವ ಒಂದು ‘ಜಾಯಿನ್’. ಎಸ್‌ಕ್ಯೂಎಲ್‌ನಲ್ಲಿ ನಾಲ್ಕು ಸಾಲು. ನಾಲ್ಕು ಸಾಲು ಬರೆಯದ್ದಕ್ಕೆ ನಾಲ್ವರು ಮೂರು ದಿನ ಅಲೆದಿದ್ದರು.

ಬರೆಯುವುದು ಸುಲಭ, ಅದಕ್ಕೆ ಮೊದಲಿನ ಕೆಲಸ ಕಷ್ಟ ಎಂಬುದೂ ನಮಗೆ ಗೊತ್ತಾಯಿತು. ಒಬ್ಬನ ಇನಿಷಿಯಲ್ ಒಂದು ಕಡೆ ಹೆಸರಿನ ಮುಂದೆ, ಇನ್ನೊಂದು ಕಡೆ ಹಿಂದೆ. ನಮ್ಮ ಬ್ರಾಂಚ್‌ಗೆ ಒಂದು ಹಾಳೆಯಲ್ಲಿ ‘ಐಎಸ್‌ಇ’, ಮತ್ತೊಂದರಲ್ಲಿ ‘ಐಎಸ್’, ಮೂರನೆಯದರಲ್ಲಿ ‘ಇನ್ಫೋ ಸೈನ್ಸ್’. 04–05 ಎಂದರೆ ಮೇ ನಾಲ್ಕೋ ಏಪ್ರಿಲ್ ಐದೋ ಎಂದು ಎಕ್ಸೆಲ್‌ಗೂ ಗೊಂದಲ, ನಮಗೂ ಗೊಂದಲ. ಗೈರಾದವರಿಗೆ ಕೆಲವರು ಸೊನ್ನೆ ಹಾಕಿದ್ದರೆ, ಕೆಲವರು ‘ಎಬಿ’ ಎಂದು ಬರೆದಿದ್ದರು, ಕೆಲವರು ಖಾಲಿ ಬಿಟ್ಟಿದ್ದರು. ಖಾಲಿ ಬಿಟ್ಟದ್ದನ್ನು ಸೊನ್ನೆ ಎಂದುಕೊಂಡರೆ ತರಗತಿಯ ಸರಾಸರಿಯೇ ಕುಸಿಯುತ್ತದೆ. ಮೂರು ವಾರದಲ್ಲಿ ಎರಡು ವಾರ ಇದನ್ನು ಒಪ್ಪ ಮಾಡುವುದಕ್ಕೇ ಹೋಗಿತ್ತು. ಹಾಗಿದ್ದೂ ಮುಖ್ಯವಾದ ಒಂದು ಪ್ರಶ್ನೆಯನ್ನು ಕೇಳಿರಲಿಲ್ಲ: ಈ 50 ಎಲ್ಲರಿಗೂ 50ರೇನಾ?

ಮೇಲಕ್ಕೆ ಹೋಗುವ ವರದಿ

ಹಾಗೆಂದು ನಮ್ಮ ಕಾಲೇಜುಗಳು ಮಾಹಿತಿ ಸಂಗ್ರಹಿಸುವುದಿಲ್ಲ ಎನ್ನುವಂತಿಲ್ಲ. ಅಧ್ಯಾಪಕರನ್ನು ಕೇಳಿ ನೋಡಿ, ಅವರ ಅರ್ಧ ಆಯುಷ್ಯ ಅದರಲ್ಲೇ ಕಳೆಯುತ್ತಿದೆ. ಉನ್ನತ ಶಿಕ್ಷಣದ ಅಖಿಲ ಭಾರತ ಸಮೀಕ್ಷೆಗೆ ಒಂದು ನಮೂನೆ. ಎಐಸಿಟಿಇಗೆ ಇನ್ನೊಂದು. ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಮತ್ತೊಂದು. 1994ರಲ್ಲಿ ಸ್ಥಾಪನೆಯಾಗಿ ನಮ್ಮ ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಹೊಂದಿರುವ ನ್ಯಾಕ್‌ಗೆ ಸ್ವಯಂ ಅಧ್ಯಯನ ವರದಿ, ಅದರ ಮೇಲೆ ಪ್ರತಿವರ್ಷದ ಗುಣಮಟ್ಟ ವರದಿ. ಎನ್‌ಬಿಎ ಮಾನ್ಯತೆಗೆ ಪ್ರತಿ ವಿಷಯದ ಪ್ರತಿ ಪ್ರಶ್ನೆಯೂ ಯಾವ ಕಲಿಕಾ ಫಲಕ್ಕೆ ಸೇರುತ್ತದೆ ಎಂಬ ಲೆಕ್ಕ. ಒಂದೇ ಮಾಹಿತಿಯನ್ನು ಬೇರೆ ಬೇರೆ ನಮೂನೆಯಲ್ಲಿ ಮತ್ತೆ ಮತ್ತೆ ತುಂಬುತ್ತಾರೆ. ತಂಡ ಬರುವ ಹಿಂದಿನ ವಾರ ಕಾರಿಡಾರ್‌ನಲ್ಲಿ ಹೊಸ ಬಣ್ಣದ ವಾಸನೆ, ಸ್ಟಾಫ್ ರೂಮಿನಲ್ಲಿ ಫೈಲುಗಳ ರಾಶಿ.

ಈ ವರದಿಗಳಿಂದ ದೊಡ್ಡ ಚಿತ್ರಗಳು ಸಿಗುತ್ತವೆ. 2021–22ರ ಅಖಿಲ ಭಾರತ ಸಮೀಕ್ಷೆಯ ಪ್ರಕಾರ 18ರಿಂದ 23 ವಯಸ್ಸಿನ ಪ್ರತಿ ಲಕ್ಷ ಜನರಿಗೆ ಕರ್ನಾಟಕದಲ್ಲಿ 66 ಕಾಲೇಜುಗಳಿವೆ. ದೇಶದ ಸರಾಸರಿ 30. ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ 1,106 ಕಾಲೇಜುಗಳು, ದೇಶದ ಯಾವ ಜಿಲ್ಲೆಯಲ್ಲೂ ಇಷ್ಟಿಲ್ಲ. ನೀತಿ ರೂಪಿಸುವವರಿಗೆ ಇದು ಬೇಕು. ಆದರೆ ಗಮನಿಸಿ, ಎಲ್ಲ ಮಾಹಿತಿಯೂ ಮೇಲಕ್ಕೇ ಹರಿಯುತ್ತದೆ. ಕಾಲೇಜಿನಿಂದ ವಿಶ್ವವಿದ್ಯಾಲಯಕ್ಕೆ, ಅಲ್ಲಿಂದ ದೆಹಲಿಗೆ. ಯಾರ ಬಗ್ಗೆ ಆ ಮಾಹಿತಿಯೋ ಆ ವಿದ್ಯಾರ್ಥಿಯ ಕಡೆಗೆ, ಅವನ ಜೊತೆ ದಿನಾ ಮಾತಾಡುವ ಅಧ್ಯಾಪಕರ ಕಡೆಗೆ ಅದು ಇಳಿದು ಬರುವುದು ತೀರಾ ಕಡಿಮೆ. ಬಂದರೂ ಸೆಮಿಸ್ಟರ್ ಮುಗಿಯುವಾಗ, ನೋಟಿಸ್ ಬೋರ್ಡಿನ ಮೇಲೆ, ಏನೂ ಮಾಡಲಾಗದ ಹೊತ್ತಿನಲ್ಲಿ.

ಎಂಟನೇ ವಾರದಲ್ಲೇ ‘ನಿನ್ನ ಹಾಜರಿ ಹೀಗಿದೆ, ಹೀಗೇ ಮುಂದುವರಿದರೆ ಕೊನೆಗೆ ಇಷ್ಟಾಗುತ್ತದೆ’ ಎಂದು ಹೇಳಿದ್ದರೆ ನನ್ನ ಗೆಳೆಯ ಆವತ್ತೇ ಹೋಗಿ, ‘ಸರ್, ನಾನು ಸೇರಿದ ದಿನಾಂಕ ತಪ್ಪಾಗಿದೆ’ ಎನ್ನುತ್ತಿದ್ದ. ತಪ್ಪು ಮಾಹಿತಿಯನ್ನು ಎಲ್ಲರಿಗಿಂತ ಮೊದಲು ಗುರುತಿಸುವವನು ಆ ಮಾಹಿತಿ ಯಾರದೋ ಅವನೇ.

ಪೋಸ್ಟರ್ ಮತ್ತು ಪಿಡಿಎಫ್

ಮೇಲಕ್ಕೆ ಹೋದ ಮಾಹಿತಿಯಲ್ಲಿ ನಮ್ಮ ಕೈಗೆಟುಕುವ ಒಂದಿದೆ. ಸಿಇಟಿ, ಡಿಸಿಇಟಿ ಆಪ್ಷನ್ ಎಂಟ್ರಿ ಮಾಡುವ ತಮ್ಮ–ತಂಗಿಯರು ಮನೆಯಲ್ಲಿದ್ದರೆ ಇದನ್ನು ಅವರಿಗೆ ತೋರಿಸಿ. ಎನ್‌ಐಆರ್‌ಎಫ್ ಶುರುವಾದದ್ದು 2015ರಲ್ಲಿ, ಮೊದಲ ರ‍್ಯಾಂಕಿಂಗ್ ಬಂದದ್ದು 2016ರಲ್ಲಿ. ಎಲ್ಲರೂ ರ‍್ಯಾಂಕ್ ನೋಡುತ್ತಾರೆ. ಅದಕ್ಕಿಂತ ಉಪಯೋಗಕ್ಕೆ ಬರುವುದು ಅದಕ್ಕಾಗಿ ಕಾಲೇಜುಗಳು ಸಲ್ಲಿಸುವ ಮಾಹಿತಿಯ ಪಿಡಿಎಫ್. ಭಾಗವಹಿಸಿದ ಕಾಲೇಜುಗಳ ಜಾಲತಾಣದಲ್ಲೇ, ಸಾಮಾನ್ಯವಾಗಿ ಪುಟದ ತುದಿಯಲ್ಲೆಲ್ಲೋ ‘ಎನ್‌ಐಆರ್‌ಎಫ್’ ಎಂಬ ಕೊಂಡಿಯಲ್ಲಿ ಇದು ಇರುತ್ತದೆ. ಅದರಲ್ಲಿ ಒಂದು ಕೋಷ್ಟಕವಿದೆ: ಒಂದು ಬ್ಯಾಚ್‌ಗೆ ಮಂಜೂರಾದ ಸೀಟುಗಳೆಷ್ಟು, ಸೇರಿದವರೆಷ್ಟು, ಲ್ಯಾಟರಲ್ ಎಂಟ್ರಿಯಲ್ಲಿ ಬಂದವರೆಷ್ಟು, ನಿಗದಿತ ಅವಧಿಯಲ್ಲಿ ಪಾಸಾದವರೆಷ್ಟು, ಕೆಲಸ ಸಿಕ್ಕವರೆಷ್ಟು, ಅವರ ವೇತನದ ಮಧ್ಯಾಂಕ ಎಷ್ಟು, ಉನ್ನತ ವ್ಯಾಸಂಗಕ್ಕೆ ಹೋದವರೆಷ್ಟು.

ಈಗ ಅದೇ ಕಾಲೇಜಿನ ಪೋಸ್ಟರ್ ನೋಡಿ. ಅಲ್ಲಿ ‘ಅತ್ಯಧಿಕ ಪ್ಯಾಕೇಜ್’ ದೊಡ್ಡ ಅಕ್ಷರದಲ್ಲಿರುತ್ತದೆ. ಉದಾಹರಣೆಗೆ ಹತ್ತು ಜನರಿಗೆ ಕೆಲಸ ಸಿಕ್ಕಿದೆ, ಒಂಬತ್ತು ಜನರಿಗೆ ವರ್ಷಕ್ಕೆ 3.5 ಲಕ್ಷ, ಒಬ್ಬರಿಗೆ 44 ಲಕ್ಷ ಎಂದುಕೊಳ್ಳೋಣ. ಅತ್ಯಧಿಕ 44 ಲಕ್ಷ. ಸರಾಸರಿ 7.55 ಲಕ್ಷ. ಎಸ್ಸೆಸ್ಸೆಲ್ಸಿಯಲ್ಲಿ ಕಲಿತ ಮಧ್ಯಾಂಕ ಮಾತ್ರ 3.5 ಲಕ್ಷ. ಮೂರೂ ಸುಳ್ಳಲ್ಲ. ಆದರೆ ಶಿಕ್ಷಣ ಸಾಲ ತೆಗೆದು ಸೇರುವ ಹುಡುಗಿಗೆ ತನ್ನ ಕಂತು ಕಟ್ಟಲಾಗುತ್ತದೆಯೇ ಎಂದು ಹೇಳುವುದು ಮೂರನೆಯದು ಮಾತ್ರ.

‘ಶೇ 100ರಷ್ಟು ಪ್ಲೇಸ್‌ಮೆಂಟ್’ ಎಂಬ ಮಾತಿನಲ್ಲೂ ಛೇದ ಹುಡುಕಬೇಕು. 120 ಜನ ಸೇರಿ, 90 ಜನ ನಾಲ್ಕು ವರ್ಷದಲ್ಲಿ ಪಾಸಾಗಿ, ಬ್ಯಾಕ್‌ಲಾಗ್ ಇಲ್ಲದೆ ಶೇ 60 ದಾಟಿದ 50 ಜನರನ್ನು ‘ಅರ್ಹರು’ ಎಂದು ಲೆಕ್ಕ ಹಾಕಿ, ಆ 50 ಜನರಿಗೂ ಕೆಲಸ ಸಿಕ್ಕರೆ ಅದೂ ನೂರಕ್ಕೆ ನೂರೇ. ಸೇರಿದವರ ಲೆಕ್ಕದಲ್ಲಿ ಅದು ಶೇ 42ರಷ್ಟೂ ಇಲ್ಲ. ನನ್ನ ಗೆಳೆಯನ ಶೇ 66ರ ಕಥೆಯೂ ಇದೇ. ಅಲ್ಲಿ ಛೇದ ಹಿಗ್ಗಿತ್ತು, ಇಲ್ಲಿ ಕುಗ್ಗಿದೆ. ಎಲ್ಲಿ ಹಿಗ್ಗುತ್ತದೆ, ಎಲ್ಲಿ ಕುಗ್ಗುತ್ತದೆ ಎಂದು ಯೋಚಿಸಿದರೆ ಉಳಿದದ್ದು ನಿಮಗೇ ಹೊಳೆಯುತ್ತದೆ.

ಒಂದೇ ಡೇಟಾ, ಎರಡು ದಾರಿ

ಡೇಟಾವನ್ನು ಕೆಳಕ್ಕೆ ಇಳಿಸಿದರೆ ಏನಾಗುತ್ತದೆ ಎಂದು ಹುಡುಕುತ್ತಾ ಹೋದಾಗ ಅಮೆರಿಕದ ಎರಡು ಪ್ರಸಂಗಗಳು ಸಿಕ್ಕವು.

ಮೊದಲನೆಯದು ಅಟ್ಲಾಂಟಾದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದ್ದು. ಬಡ ಕುಟುಂಬದವರು, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರು ಹೆಚ್ಚಾಗಿರುವ ವಿಶ್ವವಿದ್ಯಾಲಯ. 2003ರಲ್ಲಿ ಅಲ್ಲಿ ಆರು ವರ್ಷದೊಳಗೆ ಪದವಿ ಮುಗಿಸುತ್ತಿದ್ದವರ ಪ್ರಮಾಣ ಶೇ 32 ಇತ್ತು. 2012ರಲ್ಲಿ ಅವರು 800ಕ್ಕೂ ಹೆಚ್ಚು ಸೂಚನೆಗಳನ್ನು ದಿನವೂ ಗಮನಿಸುವ ವ್ಯವಸ್ಥೆ ತಂದರು. ಮುಖ್ಯ ವಿಷಯದ ಮೊದಲ ಪರೀಕ್ಷೆಯಲ್ಲಿ ಎಡವಿದರೆ, ತಪ್ಪು ಕೋರ್ಸ್‌ಗೆ ಹೆಸರು ಕೊಟ್ಟರೆ ಸಲಹೆಗಾರರಿಗೆ ಸೂಚನೆ ಹೋಗುತ್ತದೆ, ಅವರು ವಿದ್ಯಾರ್ಥಿಯನ್ನು ಕರೆದು ಮಾತಾಡುತ್ತಾರೆ. ಸಾಫ್ಟ್‌ವೇರ್ ಹಾಕಿ ಕೈತೊಳೆದುಕೊಳ್ಳಲಿಲ್ಲ, ಸಲಹೆಗಾರರ ಸಂಖ್ಯೆಯನ್ನೂ ಹೆಚ್ಚಿಸಿದರು. ಸಣ್ಣ ಮೊತ್ತದ ಶುಲ್ಕ ಬಾಕಿಗಾಗಿ ಓದು ಬಿಡುತ್ತಿದ್ದವರನ್ನು ಡೇಟಾದಲ್ಲಿ ಗುರುತಿಸಿ, ಅವರು ಅರ್ಜಿ ಹಾಕುವ ಮೊದಲೇ ಪುಟ್ಟ ಅನುದಾನ ಕೊಟ್ಟರು. ಪದವಿ ಮುಗಿಸುವವರ ಪ್ರಮಾಣ ಮುಂದೆ ಶೇ 50ನ್ನು ದಾಟಿತು. ಬಿಳಿಯ, ಕಪ್ಪು ವರ್ಣೀಯ ವಿದ್ಯಾರ್ಥಿಗಳ ನಡುವಿನ ಅಂತರವೂ ಅಳಿಸಿಹೋಯಿತು.

ಎರಡನೆಯದು ಮೇರಿಲ್ಯಾಂಡ್ ರಾಜ್ಯದ ಮೌಂಟ್ ಸೇಂಟ್ ಮೇರೀಸ್ ವಿಶ್ವವಿದ್ಯಾಲಯದ್ದು. ಹೊಸ ವಿದ್ಯಾರ್ಥಿಗಳಿಗೆ ಒಂದು ಸಮೀಕ್ಷೆ ಕೊಟ್ಟು, ಅದರ ಉತ್ತರಗಳಿಂದ ಓದು ಬಿಡುವ ಸಾಧ್ಯತೆ ಇರುವವರನ್ನು ಗುರುತಿಸುವ ಯೋಜನೆ ಅಲ್ಲಿತ್ತು. ಇಲ್ಲಿಯವರೆಗೆ ಜಾರ್ಜಿಯಾದ್ದೇ ದಾರಿ. ಆದರೆ ಹಾಗೆ ಗುರುತಿಸಿದ 20–25 ಜನರನ್ನು, ವಿದ್ಯಾರ್ಥಿಗಳ ಸಂಖ್ಯೆಯನ್ನು ಸರ್ಕಾರಕ್ಕೆ ವರದಿ ಮಾಡುವ ದಿನಾಂಕಕ್ಕಿಂತ ಮೊದಲೇ ಕಳುಹಿಸಿಬಿಡುವುದು ಉದ್ದೇಶ. ಹಾಗಾದರೆ ಅವರು ಛೇದದಲ್ಲೇ ಇರುವುದಿಲ್ಲ, ಉಳಿಕೆಯ ಶೇಕಡಾವಾರು ಚೆನ್ನಾಗಿ ಕಾಣುತ್ತದೆ! ಅಲ್ಲಿನ ವಿದ್ಯಾರ್ಥಿ ಪತ್ರಿಕೆ 2016ರ ಜನವರಿಯಲ್ಲಿ ಇದನ್ನು ಬಯಲಿಗೆಳೆಯಿತು. ದೊಡ್ಡ ಗದ್ದಲವಾಗಿ ಮುಂದಿನ ತಿಂಗಳು ವಿಶ್ವವಿದ್ಯಾಲಯದ ಅಧ್ಯಕ್ಷರು ರಾಜೀನಾಮೆ ಕೊಟ್ಟರು.

ಎರಡೂ ಕಡೆ ಸಿದ್ಧವಾಗುವುದು ಒಂದೇ ಬಗೆಯ ಪಟ್ಟಿ. ಒಂದು ಕಡೆ ಪಟ್ಟಿಯಲ್ಲಿ ಹೆಸರಿದ್ದವರಿಗೆ ಫೋನ್ ಹೋಗುತ್ತದೆ, ಇನ್ನೊಂದು ಕಡೆ ಬಾಗಿಲು ತೋರಿಸಲಾಗುತ್ತದೆ. ನಮ್ಮ ಡೆಮೊ ಯಾವ ಕಡೆಯದಾಗಿತ್ತು ಎಂದು ಕೇಳಿಕೊಂಡಾಗ ಮುಜುಗರವಾಯಿತು. ನಾವು ಯಾರನ್ನೂ ಹೊರಹಾಕಿರಲಿಲ್ಲ. ಆದರೆ ಸಹಾಯಕ್ಕೂ ಮಾಡಿರಲಿಲ್ಲ. ತೋರಿಸುವುದಕ್ಕಾಗಿ ತೋರಿಸಿದ್ದೆವು.

ಮತ್ತೆ ಮೊದಲಿನಿಂದ

ಐದನೇ ಸೆಮಿಸ್ಟರ್‌ನಲ್ಲಿ ಅದೇ ಪ್ರಾಜೆಕ್ಟನ್ನು ಮತ್ತೆ ಕೈಗೆತ್ತಿಕೊಂಡೆವು. ಈ ಸಲ ನಾಲ್ವರು. ನಾಲ್ಕನೆಯವನು ಕೊನೆಯ ಬೆಂಚಿನ ನನ್ನ ಗೆಳೆಯ. ಕರೆದಾಗ ಮೊದಲು ಒಪ್ಪಲಿಲ್ಲ. ‘ಛೇದ ಸರಿ ಮಾಡೋದಾದ್ರೆ ಮಾತ್ರ ಬರ್ತೀನಿ’ ಎಂದು ಷರತ್ತು ಹಾಕಿಯೇ ಬಂದ. ಡಿಪ್ಲೊಮಾದಲ್ಲೇ ಡೇಟಾಬೇಸ್ ಕಲಿತಿದ್ದ ಅವನು ನಮ್ಮ ಮೂವರಿಗಿಂತ ಚುರುಕು.

ಅವನು ಹಾಕಿಸಿದ ಮೊದಲ ನಿಯಮ, ಯಾರು ಏನನ್ನು ನೋಡಬಹುದು ಎಂಬುದನ್ನು ಚಾರ್ಟ್ ಬರೆಯುವ ಮೊದಲೇ ತೀರ್ಮಾನಿಸಬೇಕು. ವಿದ್ಯಾರ್ಥಿಗೆ ತನ್ನದು ಮಾತ್ರ. ಮೆಂಟರ್ ಅಧ್ಯಾಪಕರಿಗೆ ತಮ್ಮ ಗುಂಪಿನವರದ್ದು ಮಾತ್ರ. ವಿಭಾಗದ ಮುಖ್ಯಸ್ಥರಿಗೆ ಒಟ್ಟು ಚಿತ್ರ, ಅದರಲ್ಲೂ ಐದಕ್ಕಿಂತ ಕಡಿಮೆ ಜನರಿರುವ ಗುಂಪನ್ನು ಬೇರೆಯಾಗಿ ತೋರಿಸುವಂತಿಲ್ಲ. ನಾಲ್ವರ ಗುಂಪನ್ನು ತೋರಿಸಿದರೆ ಏನಾಗುತ್ತದೆ ಎಂದು ನೋಡಿದ್ದೆವಲ್ಲ! ಅಭ್ಯಾಸಕ್ಕೆ ನಿಜವಾದ ಡೇಟಾ ಬಳಸದೆ, ನಾವೇ ಹುಟ್ಟಿಸಿದ ಹುಸಿ ಯುಎಸ್‌ಎನ್‌ಗಳನ್ನು ಬಳಸಿದೆವು. 2023ರಲ್ಲಿ ದೇಶಕ್ಕೆ ವೈಯಕ್ತಿಕ ಡಿಜಿಟಲ್ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಸಹಪಾಠಿಗಳ ಅಂಕಪಟ್ಟಿಯನ್ನು ಪೆನ್‌ಡ್ರೈವ್‌ನಲ್ಲಿ ಓಡಾಡಿಸುವ ಕಾಲ ಮುಗಿಯಿತು ಎಂಬುದನ್ನು ಕಾಲೇಜುಗಳೂ ವಿದ್ಯಾರ್ಥಿಗಳೂ ಅರ್ಥ ಮಾಡಿಕೊಳ್ಳಬೇಕಿದೆ.

ಎರಡನೇ ನಿಯಮ, ಪ್ರತಿ ಶೇಕಡಾವಾರಿನ ಪಕ್ಕದಲ್ಲಿ ಅದು ಎಷ್ಟರಲ್ಲಿ ಎಷ್ಟು ಎಂದು ಬರೆಯಬೇಕು. ಶೇ 66 ಎಂದು ಮಾತ್ರ ಇದ್ದರೆ ತಪ್ಪು ಅಡಗಿ ಕೂರುತ್ತದೆ. ‘50ರಲ್ಲಿ 33’ ಎಂದಿದ್ದರೆ ನೋಡಿದವನು ಕೂಡಲೇ ‘ನನಗೆ 50 ಹೇಗಾಯಿತು?’ ಎಂದು ಕೇಳುತ್ತಾನೆ. ಪಕ್ಕದಲ್ಲೇ ‘ಇದು ತಪ್ಪಾಗಿದೆ’ ಎಂದು ತಿಳಿಸುವ ಬಟನ್ ಕೂಡ ಇಟ್ಟೆವು.

ಮೂರನೆಯದು, ಬಣ್ಣದ ಜೊತೆ ಒಂದು ಕೆಲಸ ಇರಬೇಕು. ಕೆಂಪು ಎಂದರೆ ಮೆಂಟರ್ ಇಷ್ಟು ದಿನದೊಳಗೆ ಮಾತಾಡಬೇಕು ಎಂದರ್ಥ. ಮಾತಾಡಲು ಯಾರೂ ಇಲ್ಲದಿದ್ದರೆ ಕೆಂಪು ಬಳಿಯುವ ಅಗತ್ಯವೂ ಇಲ್ಲ.

ಇದರ ಮಿತಿಯೂ ಗೊತ್ತಿದೆ. ಅಳತೆಯೇ ಗುರಿಯಾದಾಗ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲ ಎಂಬ ಮಾತನ್ನು ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಅವರ ಹೆಸರಿನಲ್ಲಿ ಹೇಳುತ್ತಾರೆ. ಪ್ರಾಕ್ಸಿ ಹಾಕಿಸಿಕೊಂಡು ಶೇ 85 ಮುಟ್ಟಿಸಿದ ನಮಗೆ ಇದನ್ನು ಬ್ರಿಟನ್ನಿನವರು ಬಂದು ಹೇಳಬೇಕಿಲ್ಲ. ಹಾಜರಿ ಹಸಿರಾಗಿದ್ದವನು ಕಲಿಯುತ್ತಿದ್ದಾನೆ ಎಂದು ಯಾವ ಡ್ಯಾಶ್‌ಬೋರ್ಡೂ ಹೇಳಲಾರದು. ಕೇಳಬೇಕಾದದ್ದನ್ನು ಯಾರ ಹತ್ತಿರ ಕೇಳಬೇಕು ಎಂದಷ್ಟೇ ಅದು ತೋರಿಸೀತು.

ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಒಂದು ಮಾತು. ಈ ಕೆಲಸಕ್ಕೆ ದುಬಾರಿ ಕೋರ್ಸ್ ಬೇಕಿಲ್ಲ. ಎಕ್ಸೆಲ್‌ನ ಪಿವೋಟ್ ಟೇಬಲ್, ಎಸ್‌ಕ್ಯೂಎಲ್‌ನ ಜಾಯಿನ್, ಉಚಿತವಾಗಿ ಸಿಗುವ ಒಂದು ಡ್ಯಾಶ್‌ಬೋರ್ಡ್ ಸಾಫ್ಟ್‌ವೇರ್, ಇಷ್ಟರಿಂದ ಆರಂಭಿಸಬಹುದು. ಬಿಕಾಂ, ಬಿಎ ಓದಿದವರಿಗೂ ಇದು ಎಟುಕುತ್ತದೆ. ಎನ್‌ಐಆರ್‌ಎಫ್ ಪಿಡಿಎಫ್‌ಗಳಲ್ಲಿರುವ ಅಂಕಿಗಳನ್ನು ಒಂದು ಹಾಳೆಗೆ ಇಳಿಸಿ, ನಿಮ್ಮ ಜಿಲ್ಲೆಯ ಹತ್ತು ಕಾಲೇಜುಗಳನ್ನು ಹೋಲಿಸಿ ನೋಡಿ. ರೆಸ್ಯೂಮೆಯಲ್ಲಿ ಬರೆದುಕೊಳ್ಳಬಹುದಾದ ಪ್ರಾಜೆಕ್ಟ್ ಅದು. ಸಂದರ್ಶನದಲ್ಲಿ ಚಾರ್ಟ್‌ನ ಬಣ್ಣದ ಬಗ್ಗೆ ಹೇಳುವುದಕ್ಕಿಂತ, ‘ಈ ಸಂಖ್ಯೆಯನ್ನು ನಾನು ನಂಬಲಿಲ್ಲ, ಹೀಗೆ ಪರೀಕ್ಷಿಸಿದೆ’ ಎಂದು ಹೇಳುವುದಕ್ಕೆ ನಿಮ್ಮ ಹತ್ತಿರ ಏನಾದರೂ ಇರುತ್ತದೆ.

ನಮ್ಮ ಡ್ಯಾಶ್‌ಬೋರ್ಡನ್ನು ಕಾಲೇಜು ಪೂರ್ತಿಯಾಗಿ ಅಳವಡಿಸಿಕೊಂಡಿಲ್ಲ. ವಿಭಾಗದ ಮಟ್ಟದಲ್ಲಿ ಪ್ರಾಯೋಗಿಕವಾಗಿ ನಡೆಯುತ್ತಿದೆ. ಆದರೆ ಮೇಡಂ ನಮ್ಮ ಲೆಕ್ಕವನ್ನು ಕಚೇರಿಗೆ ತೆಗೆದುಕೊಂಡು ಹೋಗಿ ತೋರಿಸಿದ್ದರಿಂದ ಒಂದು ಬದಲಾವಣೆ ಆಗಿದೆ. ಈ ವರ್ಷ ಮೂರನೇ ಸೆಮಿಸ್ಟರ್‌ಗೆ ಬಂದ ಲ್ಯಾಟರಲ್ ಎಂಟ್ರಿಯವರ ಹಾಜರಿ ಅವರು ಸೇರಿದ ದಿನದಿಂದ ಲೆಕ್ಕವಾಗುತ್ತಿದೆ. ಅರ್ಜಿ ಹಿಡಿದು ಅಲೆದವರಿಲ್ಲ. ಹೀಗೊಂದು ಸಮಸ್ಯೆ ಇತ್ತು ಎಂಬುದೂ ಆ ಜೂನಿಯರ್‌ಗಳಿಗೆ ಗೊತ್ತಿಲ್ಲ.

ಗೆಳೆಯ ಗಣಿತದ ಬ್ಯಾಕ್‌ಲಾಗ್ ಮುಗಿಸಿದ್ದಾನೆ. ಮೊನ್ನೆ ಕ್ಯಾಂಟೀನಿನಲ್ಲಿ ಚಿತ್ರಾನ್ನ ತಿನ್ನುತ್ತಾ ಕೇಳಿದ: ‘ಮಗಾ, ನಾನೀಗ ಯಾವ ಬಣ್ಣ?’

‘ನಂಗೆ ಕಾಣಲ್ಲ ಕಣೋ. ನೀನೇ ಲಾಗಿನ್ ಆಗಿ ನೋಡ್ಕೋ’ ಎಂದೆ.

ಅವನು ನಕ್ಕು ನನ್ನ ತಟ್ಟೆಯಿಂದ ಹಪ್ಪಳ ಎತ್ತಿಕೊಂಡ.